ಉದ್ದ ತೋಳಿನ ಫ್ರಾಕು

ಬುಧವಾರ ನಮ್ಮ ಮಗಳಿಗೆ ಬಿಳಿ ಶೂ. ಹಿಂದಿನ ಸಂಜೆಯೇ ಪಾಲಿಶ್ ಹಚ್ಚಿ ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟಿರುತ್ತೇನೆ. ಆ ಬುಧವಾರವೂ ಹಾಲು ಕಾಯಿಸಿ, ಗಂಡನ ಡಬ್ಬಿಗೆ ಚಿತ್ರಾನ್ನ ತುಂಬಿ, ಮಗಳ ಡಬ್ಬಿಗೆ ಜ್ಯಾಮ್ ಸವರಿದ ಚಪಾತಿ ಸುತ್ತಿಟ್ಟು, ಅವಳ ಜಡೆಗಳಿಗೆ ರಿಬ್ಬನ್ ಕಟ್ಟುತ್ತಿದ್ದೆ. ಎಡಗಡೆಯ ಹೂವು ಯಾವಾಗಲೂ ಸ್ವಲ್ಪ ಚಿಕ್ಕದಾಗುತ್ತದೆ. ಬಿಚ್ಚಿ ಮತ್ತೆ ಕಟ್ಟಿದೆ. ಗಂಡ ಆಗಲೇ ಮೆಟ್ರೋ ಹಿಡಿಯಲು ಹೊರಟಾಗಿತ್ತು. ಎಂಟು ಇಪ್ಪತ್ತಕ್ಕೆ ಶಾಲೆಯ ಆಟೋ ನಮ್ಮ ಹಲಸೂರಿನ ಗಲ್ಲಿಯ ಬಾಯಲ್ಲಿ ನಿಂತು ಎರಡು ಸಲ ಹಾರ್ನ್ ಹೊಡೆಯುತ್ತದೆ. ಒಂದು ತನಗೆ, ಇನ್ನೊಂದು ಮಹಡಿ ಮನೆಯ ಹುಡುಗಿಗೆ ಎಂದು ನನ್ನ ಮಗಳ ಲೆಕ್ಕ. ಇಬ್ಬರೂ ಯುಕೆಜಿ, ಒಂದೇ ಸೆಕ್ಷನ್, ಆಟೋದಲ್ಲಿ ಒಂದೇ ಸೀಟು.

ಆವತ್ತು ಮೆಟ್ಟಿಲಿಳಿದು ಬಂದದ್ದು ಹುಡುಗಿಯ ತಾಯಿ ಒಬ್ಬಳೇ. ತಲೆ ಬಾಚಿರಲಿಲ್ಲ. ಕೈಯಲ್ಲಿದ್ದ ಫೋನನ್ನು ನನ್ನ ಕಡೆ ಚಾಚಿದಳು. ಶಾಲೆಯ ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬಂದಿದೆ, ಸ್ವಲ್ಪ ಓದಿ ಹೇಳಿ ಅಕ್ಕ ಎಂದಳು.

ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಕೋಲಾರದ ಕಡೆಯವಳು. ಗಂಡನಿಗೆ ಬೈಯಪ್ಪನಹಳ್ಳಿಯ ಮೆಟ್ರೋ ಡಿಪೋದಲ್ಲಿ ಶಿಫ್ಟಿನ ಕೆಲಸ. ಇವಳು ಮನೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಅವಳ ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನು ನಾಲ್ಕು ವರ್ಷದಿಂದ ನಾನೇ ಓದುವುದು, ನಾನೇ ತುಂಬುವುದು: ಗ್ಯಾಸಿನದು, ಬ್ಯಾಂಕಿನದು, ಶಾಲೆಯದು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ಅಕ್ಷರ ನನ್ನದು. ನಿಮ್ಮ ಅಕ್ಷರ ನೋಡಿದರೆ ಆಫೀಸಿನವರು ಎದುರು ಮಾತಾಡುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಹಾಗೆ ಹೇಳಿಸಿಕೊಳ್ಳುವುದು ನನಗೆ ಇಷ್ಟವಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಫೋನಿನಲ್ಲಿದ್ದದ್ದು ಇಷ್ಟು. ಯುಕೆಜಿಯ ಇಬ್ಬರು ಮಕ್ಕಳಿಗೆ ದಡಾರ ಬಂದಿದೆ. ಎಲ್ಲ ತಂದೆತಾಯಿಗಳೂ ಮಧ್ಯಾಹ್ನದೊಳಗೆ ಮಗುವಿನ ಲಸಿಕೆಯ ಕಾರ್ಡನ್ನು ಆಫೀಸಿಗೆ ತಂದು ತೋರಿಸಬೇಕು. ದಡಾರದ ಲಸಿಕೆ ಆಗದ ಮಕ್ಕಳು ಅದನ್ನು ಹಾಕಿಸಿಕೊಳ್ಳುವ ತನಕ ತರಗತಿಗೆ ಬರುವಂತಿಲ್ಲ.

ಓದಿ ಹೇಳಿದೆ. ಮಗು ಹೇಗಿದ್ದಾಳೆ ಎಂದು ಕೇಳಿದೆ.

"ಮೂರು ದಿನದಿಂದ ಜ್ವರ ಅಲ್ವಾ ಅಕ್ಕ. ಕಣ್ಣೆಲ್ಲ ಕೆಂಪಗೆ, ಲೈಟ್ ಹಾಕಿದ್ರೆ ಅಳ್ತಾಳೆ. ಇವತ್ತು ಕಿವಿ ಹಿಂದೆ ಕೆಂಪು ಕೆಂಪಗೆ ಎದ್ದೈತೆ. ನಮ್ಮತ್ತೆ ಅಮ್ಮ ಬಂದೈತೆ ಅಂತ ಬೇವಿನ ಸೊಪ್ಪು ತರ್ಸಿ ಬಾಗ್ಲಿಗೆ ಸಿಕ್ಕಿಸಿದಾರೆ."

ಆಟೋ ಬಂತು. ಎರಡು ಹಾರ್ನ್ ಆಯಿತು. ನನ್ನ ಮಗಳು ಒಬ್ಬಳೇ ಹತ್ತಿ ಕೂತಳು.

ಹಿಂದಿನ ವರ್ಷ ಮಕ್ಕಳು ಎಲ್‌ಕೆಜಿಯಲ್ಲಿದ್ದಾಗ ಶಾಲೆಯಲ್ಲೇ ಲಸಿಕೆಯ ಕ್ಯಾಂಪ್ ಇಟ್ಟಿದ್ದರು. ದಡಾರ ಮತ್ತು ರುಬೆಲ್ಲಾಕ್ಕೆ ಒಂದೇ ಸೂಜಿ, ಸರ್ಕಾರದ ನರ್ಸ್‌ಗಳು ಬಂದು ಹಾಕುತ್ತಾರೆ, ಒಪ್ಪಿಗೆಯೋ ಇಲ್ಲವೋ ಬರೆದು ಕಳಿಸಿ ಎಂದು ಫಾರ್ಮ್ ಬಂದಿತ್ತು. ಅದೇ ವಾರ ತಾಯಂದಿರ ಒಂದು ಗ್ರೂಪಿನಲ್ಲಿ ಯಾರೋ ಹೆಂಗಸಿನ ಧ್ವನಿಯ ಸಂದೇಶವೊಂದು ಓಡಾಡುತ್ತಿತ್ತು. ಈ ಸೂಜಿ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ನಾನು ಬಿ.ಎ. ಓದಿದವಳು. ಅದು ಸುಳ್ಳಿರಬೇಕು ಅಂತ ಆಗಲೂ ಅನ್ನಿಸಿತ್ತು. ಆದರೂ ಹೆದರಿದೆ. ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ಕೊನೆಗೆ ಫಾರ್ಮಿನಲ್ಲಿ ಒಪ್ಪಿಗೆ ಇಲ್ಲ ಎಂಬಲ್ಲಿ ಗುರುತು ಹಾಕಿ, ಕಾರಣ ಕೇಳಿದ್ದ ಗೆರೆಯ ಮೇಲೆ, ನಮ್ಮ ಮಗುವಿಗೆ ಎಲ್ಲ ಲಸಿಕೆಗಳೂ ಪೂರ್ತಿಯಾಗಿವೆ ಎಂದು ಚೆಂದದ ಇಂಗ್ಲಿಷಿನಲ್ಲಿ ಬರೆದೆ.

ಆಗಲೇ ಅವಳು ತನ್ನ ಫಾರ್ಮ್ ಹಿಡಿದು ಬಂದಳು. ಏನು ಬರೆಯಲಿ ಎಂದು ಕೇಳಿದೆ.

"ನಿಮ್ಮ ಮಗೂಗೆ ಏನ್ ಬರೆದ್ರೋ ಅದನ್ನೇ ಬರೀರಿ ಅಕ್ಕ. ನಿಮಗಿಂತ ನಂಗೊತ್ತಾ?"

ಅದನ್ನೇ ಬರೆದೆ. ಅದೇ ವಾಕ್ಯ, ಒಂದು ಪದವೂ ಬದಲಿಸದೆ. ಅವಳ ಮಗುವಿನ ಕಾರ್ಡನ್ನು ತರಿಸಿ ನೋಡಲಿಲ್ಲ. ಒಲೆಯ ಮೇಲೆ ಬೇಳೆ ಇತ್ತು, ಕುಕ್ಕರ್ ಎರಡನೇ ವಿಶಲ್ ಹಾಕಿತ್ತು. ಅವಳು ಫಾರ್ಮಿನ ಮೇಲೆ ನೀರು ಬೀಳದ ಹಾಗೆ ತನ್ನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಧಾನವಾಗಿ ಕನ್ನಡದಲ್ಲಿ ಸಹಿ ಮಾಡಿದಳು.

ಎರಡು ವಾರ ಕಳೆದು ನನ್ನ ಮಗಳಿಗೆ ಕೆಮ್ಮು. ಇಂದಿರಾನಗರದಲ್ಲಿರುವ ನಮ್ಮ ಮಕ್ಕಳ ಡಾಕ್ಟರ ಬಳಿಗೆ ಹೋದೆವು. ಅವರು ನಾನು ಒಯ್ದಿದ್ದ ಮಗಳ ಫೈಲ್ ತಿರುಗಿಸಿ, ಐದು ವರ್ಷದ ಡೋಸ್ ಬಾಕಿ ಇದೆಯಲ್ಲ, ಶಾಲೆಯ ಕ್ಯಾಂಪಿನಲ್ಲಿ ಹಾಕಿಸಲಿಲ್ಲವೇ ಎಂದರು. ನಾನು ತಗ್ಗಿದ ಧ್ವನಿಯಲ್ಲಿ ಆ ಸಂದೇಶದ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಯಾವ ಕಾಲೇಜಮ್ಮ ನೀವು ಓದಿದ್ದು, ಎಂದರು. ಬೇರೇನೂ ಬೈಯಲಿಲ್ಲ. ಕೆಮ್ಮು ಬರೀ ಗಂಟಲಿನದು, ಪರವಾಗಿಲ್ಲ ಎಂದು ಅಲ್ಲೇ ಸೂಜಿ ಹಾಕಿ, ಫೈಲಿನಲ್ಲಿ ಲಸಿಕೆಯ ಪುಟ್ಟ ಸ್ಟಿಕರ್ ಅಂಟಿಸಿ, ತಾರೀಖು ಬರೆದರು.

ಮಗಳ ತೋಳಿಗೆ ದುಂಡನೆಯ ಪ್ಲಾಸ್ಟರ್ ಹಾಕಿದ್ದರು, ಮೇಲೆ ಆನೆಯ ಚಿತ್ರ. ಅದನ್ನು ಮಹಡಿಯ ಗೆಳತಿಗೆ ತೋರಿಸಬೇಕೆಂದು ಅವಳು ಆಟೋದಲ್ಲೇ ಕುಣಿಯುತ್ತಿದ್ದಳು. ಮನೆಗೆ ಬಂದವಳೇ ನಾನು ಅವಳಿಗೆ ಉದ್ದ ತೋಳಿನ ಫ್ರಾಕು ಹಾಕಿದೆ. ಮಾರ್ಚ್ ತಿಂಗಳ ಸೆಕೆ. ಯಾಕಮ್ಮ ಇದು ಎಂದಳು. ಪ್ಲಾಸ್ಟರ್ ತೋರಿಸಿದರೆ ಅವಳೂ ಬೇಕು ಅಂತ ಅಳುತ್ತಾಳೆ, ಹೇಳಬೇಡ ಎಂದೆ. ಮಗು ತಲೆಯಾಡಿಸಿತು. ನಿಜವಾಗಿಯೂ ಹೇಳಲಿಲ್ಲ.

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಅವಳು ಕುಚ್ಚಿನ ದಾರ ತರಲು ಶಿವಾಜಿನಗರಕ್ಕೆ ಹೋಗಿದ್ದಳು. ನಾಡಿದ್ದು ಅವರತ್ತೆ ಎದುರಿಗಿದ್ದರು. ಆಮೇಲೆ ಬೇಸಿಗೆ ರಜೆ. ಹೇಳಬೇಕಾದರೆ, ನನ್ನ ಮಾತು ತಪ್ಪಾಗಿತ್ತು, ನನ್ನ ಮಗುವಿಗೆ ಸರಿಮಾಡಿಕೊಂಡೆ, ನಿನ್ನದನ್ನು ಹಾಗೇ ಬಿಟ್ಟೆ ಎನ್ನಬೇಕಿತ್ತು. ತಡವಾದಷ್ಟೂ ಆ ವಾಕ್ಯ ಉದ್ದವಾಗುತ್ತ ಹೋಯಿತು.

ಬುಧವಾರ ಹತ್ತು ಗಂಟೆಗೆ, ಮಗುವನ್ನು ಅತ್ತೆಯ ಬಳಿ ಬಿಟ್ಟು ಅವಳು, ಫೈಲ್ ಹಿಡಿದು ನಾನು, ಇಬ್ಬರೂ ಶಾಲೆಗೆ ಹೋದೆವು. ಅವಳ ಕೈಯಲ್ಲಿ ಅಂಚು ಸವೆದ ತಾಯಿ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿತ್ತು. ಹೆಡ್‌ಮಿಸ್ ಅದನ್ನು ಬಿಡಿಸಿದರು. ಒಂಬತ್ತು ತಿಂಗಳ ಮನೆ ಖಾಲಿ, ಒಂದೂವರೆ ವರ್ಷದ ಮನೆಯೂ ಖಾಲಿ. ಲಾಕ್‌ಡೌನಿನಲ್ಲಿ ಊರಿಗೂ ಇಲ್ಲಿಗೂ ಓಡಾಡುವಾಗ ತಪ್ಪಿಹೋಗಿತ್ತಂತೆ. ಎರಡು ಖಾಲಿ ಚೌಕಗಳು ಎದ್ದು ಕಾಣುತ್ತಿದ್ದವು. ಕೇಳಿದ್ದರೆ ಕಾಲು ನಿಮಿಷದಲ್ಲಿ ಕಾಣುತ್ತಿತ್ತು.

ಹೆಡ್‌ಮಿಸ್ ಹಿಂದಿನ ವರ್ಷದ ಫಾರ್ಮುಗಳನ್ನು ತರಿಸಿದರು. ಎಲ್ಲ ಪೂರ್ತಿಯಾಗಿದೆ ಎಂದು ಬರೆದುಕೊಟ್ಟಿದ್ದೀರಲ್ಲ ಎಂದು ಅವಳನ್ನು ಕೇಳಿದರು.

"ಅದು ಅಕ್ಕಾನೇ ಬರ್ಕೊಟ್ಟಿದ್ದು ಮೇಡಂ. ನಮ್ದೆಲ್ಲ ಅವ್ರೇ ಬರ್ಯೋದು," ಎಂದು ಅವಳು ನನ್ನ ಕಡೆ ನೋಡಿದಳು. ದೂರು ಹೇಳುವ ಧಾಟಿ ಅದರಲ್ಲಿರಲಿಲ್ಲ. ಹೆಮ್ಮೆಯಿತ್ತು.

ಮೇಜಿನ ಮೇಲೆ ನನ್ನ ಅಕ್ಷರ, ಎರಡು ಹಾಳೆಗಳಲ್ಲಿ, ಒಂದರ ಪಕ್ಕ ಒಂದು. ಹೆಡ್‌ಮಿಸ್ ನನ್ನ ಫೈಲ್ ತೆರೆದರು. ಸ್ಟಿಕರಿನ ಪಕ್ಕದ ತಾರೀಖಿನ ಮೇಲೆ ಬೆರಳಿಟ್ಟು, ಫಾರ್ಮಿನ ತಾರೀಖು ನೋಡಿ, ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: ಹದಿನಾರು ದಿನಕ್ಕೆ ನಿಮ್ಮ ಮಗುವಿಗೆ ಹಾಕಿಸಿದ್ದೀರಿ, ಇವರಿಗೆ ಹೇಳಲಿಲ್ಲವೇ?

ನಾನೂ ಇಂಗ್ಲಿಷಿನಲ್ಲೇ ಉತ್ತರಿಸಿದೆ. ದಯವಿಟ್ಟು ಕ್ಷಮಿಸಿ, ಮನಸ್ಸಿಗೆ ಬರಲೇ ಇಲ್ಲ ಎಂದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅವಳು ನಮ್ಮಿಬ್ಬರ ಬಾಯನ್ನು ಒಂದಾದ ಮೇಲೊಂದು ನೋಡುತ್ತಿದ್ದಳು. ಹೆಡ್‌ಮಿಸ್ ಫೈಲ್ ಮುಚ್ಚಿ ನನ್ನ ಕಡೆಗೆ ಸರಿಸಿದರು.

ಗೇಟಿನ ಹೊರಗೆ ಬಂದಾಗ, ಮೇಡಂ ಏನಂದ್ರು ಅಕ್ಕ ಎಂದಳು. ನಮ್ಮ ಫೈಲ್ ನೋಡಿದರು, ಅಷ್ಟೆ, ಎಂದೆ. ನಾಲ್ಕು ವರ್ಷದಲ್ಲಿ ನಾನು ಅವಳಿಗೆ ಬೇಕೆಂದೇ ತಪ್ಪು ಅನುವಾದಿಸಿದ್ದು ಅದೊಂದೇ.

ಅಲ್ಲಿಂದ ಮನೆಗೆ ಬಂದು ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಆಟೋದಲ್ಲಿ ಮಗು ನನ್ನ ತೊಡೆಯ ಮೇಲಿತ್ತು. ಅದರ ಉಸಿರು ನನ್ನ ಕತ್ತಿಗೆ ಬಿಸಿ ಇಸ್ತ್ರಿಯ ಹಾಗೆ ತಾಗುತ್ತಿತ್ತು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ದಡಾರವೇ ಎಂದರು. ವಿಟಮಿನ್ ಎ ಕುಡಿಸಿದರು. ಶಾಲೆಯ ಕ್ಯಾಂಪಿನಲ್ಲಿ ಯಾಕೆ ಹಾಕಿಸಲಿಲ್ಲ ಎಂದು ಕೇಳಿದ್ದಕ್ಕೆ ಅವಳು, "ಬೇಡ ಅಂತ ಬರ್ಕೊಟ್ಬಿಟ್ವಿ ಮೇಡಂ, ಗೊತ್ತಾಗ್ಲಿಲ್ಲ," ಎಂದಳು. ಬೈಗುಳ ತಿಂದದ್ದೂ ಅವಳೇ. ನಾನು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿ ಓದುತ್ತ ನಿಂತಿದ್ದೆ. ಎದೆಯಲ್ಲಿ ಕಫ ಕಟ್ಟಬಹುದು, ಉಸಿರು ಜೋರಾಗಿ ಓಡಿದರೆ ಅಥವಾ ಪಕ್ಕೆ ಒಳಗೆ ಎಳೆದರೆ ಒಂದು ಕ್ಷಣ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಡಾಕ್ಟರು ಹೇಳಿದರು.

ಸಂಜೆ ಆರು ಗಂಟೆಗೆ ತೆಳ್ಳಗೆ ಗಂಜಿ ಮಾಡಿ, ಮುಚ್ಚಳದ ಪಾತ್ರೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಎಲ್ಲ ಹೇಳಿಬಿಡಬೇಕೆಂದೇ ಹತ್ತಿದೆ. ಕೋಣೆಯ ಕಿಟಕಿಗೆ ಸೀರೆ ಕಟ್ಟಿ ಬೆಳಕು ಮರೆಮಾಡಿದ್ದರು. ಮಗು ಮಲಗಿತ್ತು. ಮುಖವೆಲ್ಲ ಕೆಂಪು ಎದ್ದಿತ್ತು. ಅವಳು ಮಗುವಿನ ಅಂಗಿ ಮೇಲೆತ್ತಿ, ಪಕ್ಕೆಯನ್ನೇ ನೋಡುತ್ತ ಕೂತಿದ್ದಳು. ಆರೋಗ್ಯ ಕೇಂದ್ರದಿಂದ ಬಂದಾಗಿನಿಂದ ಹಾಗೇ ನೋಡುತ್ತಿದ್ದಾಳೆ ಎಂದು ಅತ್ತೆ ಹೇಳಿದರು. ಸದ್ಯಕ್ಕೆ ಉಸಿರು ಸರಿಯಾಗಿದೆ ಅನ್ನಿಸುತ್ತೆ ಎಂದಳು ಅವಳು.

ನಾನು ಪಕ್ಕದಲ್ಲಿ ಕೂತು, "ಆ ಫಾರ್ಮ್ ನಾನು ತಪ್ಪು ಬರೆದೆ ಕಣೇ. ಕಾರ್ಡ್ ನೋಡ್ದೆ ಬರೆದೆ," ಎಂದೆ.

"ಬಿಡಿ ಅಕ್ಕ. ನೀವು ಬರೆದಿದ್ದನ್ನೇ ಬರೀರಿ ಅಂದಿದ್ದು ನಾನೇ ಅಲ್ವಾ."

ಉಳಿದರ್ಧ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಮಗು ಕೆಮ್ಮಿತು. ಅವಳು ಎತ್ತಿ ಕೂರಿಸಿ ಬೆನ್ನು ತಟ್ಟಿದಳು. ಗಂಜಿಯ ಪಾತ್ರೆಯ ಮುಚ್ಚಳ ತೆಗೆದು, ಚಮಚದಿಂದ ಕಲಕಿ ಆರಿಸುತ್ತ, ನನ್ನ ಕಡೆ ತಿರುಗದೆಯೇ ಅಂದಳು:

"ನಿಮ್ಮ ಮಗೂಗೆ ಏನೂ ಆಗ್ಲಿಲ್ವಲ್ಲ, ಅದೇ ನಂಗೆ ದೊಡ್ಡ ಸಮಾಧಾನ ಅಕ್ಕ. ಒಂದೇ ಸೀಟಲ್ಲಿ ಅಂಟ್ಕೊಂಡು ಕೂತ್ಕೊಳ್ಳೋವು. ನಮ್ಮೋಳಿಂದ ಅವಳಿಗೇನಾದ್ರೂ ಬಂದಿದ್ರೆ, ನಾನು ನಿಮಗೆ ಹೆಂಗೆ ಮುಖ ತೋರಿಸ್ತಿದ್ದೆ ಹೇಳಿ."