ಕೆನ್ನೆಗೆ ಕಾಣದ ಕೆಂಪು

ಸೋಲೊ ಪಟ್ಟಣದಾಚೆಯ ಆ ಜಾಗಟೆ ಕುಲುಮೆಗೆ ಕಿಟಕಿಗಳಿಲ್ಲ. ಕಾದ ಕಂಚಿನ ಬಣ್ಣ ಕತ್ತಲಲ್ಲಷ್ಟೇ ನಿಜ ಹೇಳುತ್ತದೆ. ಆ ಬಣ್ಣ ನೋಡಿ “ಈಗ” ಎನ್ನುವುದು ಮೂವತ್ತೆಂಟು ವರ್ಷಗಳಿಂದ ರೆಕ್ಸೊನ ಕೆಲಸ. ಅವನು ಹಾಗೆಂದೊಡನೆ ಜಾಗಟೆ ನೀರಿನ ಗುಂಡಿಗೆ ಇಳಿಯುತ್ತಿತ್ತು.

ನೀರು ಕುಡಿದ ಕಬ್ಬಿಣ ಗಡಸಾಗುತ್ತದೆ. ಜಾಗಟೆಯ ಕಂಚು ಹಾಗಲ್ಲ. ಹತ್ತು ಪಾಲು ತಾಮ್ರ, ಮೂರು ಪಾಲು ತವರ. ನಿಧಾನವಾಗಿ ಆರಿದರೆ ಎರಡೂ ಒಳಗೊಳಗೇ ಕೂಡಿ ಗಾಜಿನಂತೆ ಒಡೆಯುವ ಹರಳು ಕಟ್ಟುತ್ತವೆ. ಕೆಂಪಗಿರುವಾಗಲೇ ನೀರಿಗೆ ಬಿದ್ದರೆ ಹರಳಿಗೆ ಪುರುಸೊತ್ತಿಲ್ಲ. ಜಾಗಟೆ ಏಟು ತಾಳುತ್ತದೆ. ಮಾಗಿದ ಮೆಲಿಂಜೊ ಹಣ್ಣಿನ ಕೆಂಪು ಬೇಕು. ಅದು ನಿಲ್ಲುವುದು ನಾಲ್ಕೇ ಉಸಿರು.

ಎರಡು ವರ್ಷದಿಂದ ರೆಕ್ಸೊನ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಲಿಲ್ಲ, ಹೆಂಡತಿ ಸುಮಿಯೆಮ್‌ಗೂ. ಕಾವನ್ನು ಕೆನ್ನೆಯಿಂದ ಅಳೆಯುತ್ತ ಬಂದ. ಸಣ್ಣ ಜಾಗಟೆಗಳು ಹೇಗೋ ದಕ್ಕಿದವು. ಒಂದು ಬಿರುಕು ಬಿಟ್ಟಾಗ ತಪ್ಪನ್ನು ತವರದ ಮೇಲೆ ಹಾಕಿದ. ಸುತ್ತಿಗೆ ಹಿಡಿಯುವ ಪೈಡಿ ಮಾತ್ರ, ಯಜಮಾನರು ಈಚೆಗೆ ಕಂಚಿಗೆ ಮುತ್ತು ಕೊಡೋಕೆ ಹೋಗ್ತಾರೆ ಎಂದು ನಗಿಸುತ್ತಿದ್ದ.

ಆಮೇಲೆ ದೊಡ್ಡ ಜಾಗಟೆಯ ಕೆಲಸ ಬಂತು. ಐದು ಮಂದಿ ಹನ್ನೆರಡು ದಿನ ಬಡಿದರು. ನೀರಿಗಿಳಿಸುವ ದಿನ ರೆಕ್ಸೊನ ತಮ್ಮ ಸಾರ್ಜು ತಿದಿ ಬಿಟ್ಟು ಎದ್ದುಬಂದ.

“ಕಾಂಗ್,” ಅಣ್ಣನನ್ನು ಅವನು ಕರೆಯುವುದೇ ಹಾಗೆ, “ನಿಜ ಹೇಳು. ಕಾಣ್ತದಾ? ಇಲ್ಲಾಂದ್ರೆ ಇದೊಂದ್ಸಲ ನಾನು ನೋಡ್ತೀನಿ.”

“ನೀನು ತಿದಿ ಒತ್ತು. ನನ್ನ ಕಣ್ಣು ನಿನ್ನ ಹೆಂಡ್ತಿ ಮಾಡೋ ಸಾರಿಗಿಂತ ತಿಳಿಯಾಗಿದೆ.”

ಎಲ್ಲರೂ ನಕ್ಕರು. ಮತ್ತೆ ಯಾರೂ ಕೇಳಲಿಲ್ಲ.

ಜಾಗಟೆಯನ್ನು ಕೆಂಡದಿಂದ ಎತ್ತಿದರು. ಅಷ್ಟು ದೊಡ್ಡ ಕಂಚು ಬಣ್ಣ ಕಳೆದುಕೊಂಡ ಮೇಲೂ ಬಿಸಿ ಉಗುಳುತ್ತದೆಂದು ರೆಕ್ಸೊನ ಕೆನ್ನೆಗೆ ಗೊತ್ತಿರಲಿಲ್ಲ. ಅವನು ಕಾದ. ಕೆಂಪು ಇಳಿಯುವುದನ್ನು ಸಾರ್ಜು ಕಂಡ, ಬಾಯಿ ತೆರೆದ, ಅಣ್ಣನನ್ನು ಮೀರಲಾರದೆ ಮುಚ್ಚಿದ. ರೆಕ್ಸೊ “ಈಗ” ಎಂದಾಗ ನೀರು ಅರಚಲಿಲ್ಲ, ಗೊಣಗಿತು. ತಡವಾಯಿತೆಂದು ಆ ಸದ್ದಿಗೇ ಅವನಿಗೆ ತಿಳಿಯಿತು.

ಮರುಬೆಳಿಗ್ಗೆ ಸ್ವರ ಕೂಡಿಸಲು ಪೈಡಿ ಮೆಲ್ಲಗೆ ಹೊಡೆದ ಮೂರನೆಯ ಏಟಿಗೆ ಜಾಗಟೆ ಅಂಚಿನಿಂದ ನಡುವಿನ ಉಬ್ಬಿನವರೆಗೆ ಸೀಳಿತು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕರಗಿಸಿ ಮತ್ತೆ ಎರಕ ಹೊಯ್ದರಾಯಿತು, ಕಂಚೇನೂ ಕೆಡಲ್ಲ ಎಂದ ಸಾರ್ಜು. ನಂತರ ಅಣ್ಣನ ಮುಖ ನೋಡದೆ ಹೇಳಿದ:

“ಕಾಂಗ್, ನೀನು ಇನ್ಮೇಲೆ ಕರಗಿಸೋಕೆ ಕಂಚು ತುಂಡು ಮಾಡಿ ಕೊಡು. ಬಣ್ಣ ನಾನು ನೋಡ್ಕೋತೀನಿ.”

ರೆಕ್ಸೊ ಸುತ್ತಿಗೆ ಹಿಡಿದು ಹಿತ್ತಲ ಬಿಸಿಲಿಗೆ ಹೋದ. ಅಲ್ಲಿಗೆ ತಂದಿಟ್ಟ ಜಾಗಟೆಯನ್ನು ಬೆರಳಿನಿಂದ ತಡವಿ ಸೀಳನ್ನು ಹುಡುಕಿದ. ಬಲ ಬೇಕಾಗಲಿಲ್ಲ, ಹನ್ನೆರಡು ದಿನದ ಕೆಲಸ ಹಪ್ಪಳದಂತೆ ಮುರಿಯಿತು. ಸುಮಿಯೆಮ್ ಊಟಕ್ಕೆ ಕರೆದಾಗ, ಚೂರುಗಳು ಇನ್ನೂ ಸಣ್ಣಗಾಗಬೇಕು ಎಂದ. ಅವು ಆಗಲೇ ಸಾಕಷ್ಟು ಸಣ್ಣಗಿದ್ದವು. ಅವಳು ಪಕ್ಕದಲ್ಲಿ ಕುಳಿತಳು.