ಹಾಳೆಯಲ್ಲಿ ಇಲ್ಲದ ಸಾಲು

ಸೊಸೆಗೆ ಏಳನೇ ತಿಂಗಳು ತುಂಬುವ ಮೊದಲೇ ಡಾಕ್ಟರು ಮಲಗಿಯೇ ಇರಬೇಕು ಎಂದರು. ಹಿಂದಿನ ಸಲ ಮಗು ಉಳಿದಿರಲಿಲ್ಲ. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಆದರೆ ಫೋನು ಡಾಕ್ಟರ ಮಾತು ಕೇಳಬೇಕಲ್ಲ.

ಅವಳ ಕಚೇರಿ ಬೇರೆ ಊರಿನಲ್ಲಿ, ಕೆಲಸ ದಾವಣಗೆರೆಯ ನಮ್ಮ ಮನೆಯಿಂದ. ಇಲ್ಲೇ ಊರಂಚಿನ ಕರೂರಿನ ಕಾರ್ಖಾನೆಗಳಲ್ಲಿ ಸರಕು ತೂಗುವ ಯಂತ್ರಗಳಿರುತ್ತವಲ್ಲ, ಅಂಥವುಗಳ ತೂಕವನ್ನು ಕಂಪ್ಯೂಟರಿಗೆ ತಲುಪಿಸಿ ದಾಖಲಿಸುವ ಕೋಡು ಅವಳದು. ಬೇರೆಯವರು ಅದನ್ನು ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳುತ್ತಾರಂತೆ, ಅದಕ್ಕೇ ಲೈಬ್ರರಿ ಎಂಬ ಹೆಸರು. ಯಂತ್ರ, ವೈರು, ಕೋಡು, ದಾಖಲೆ ಒಂದೊಂದೂ ಸರಿಯಿದ್ದರೆ ಸಾಲದು, ಜೋಡಿಸಿದ ಮೇಲೂ ಸರಿಯಿರಬೇಕು. ಹಾಗೆ ಜೋಡಿಸಿ ನೋಡುವುದು ಇಂಟಿಗ್ರೇಷನ್ ಟೆಸ್ಟ್. ಅದಕ್ಕೆಂದೇ ಒಂದು ಸಣ್ಣ ತೂಕದ ಯಂತ್ರ ನಮ್ಮ ಮನೆಯಲ್ಲಿತ್ತು, ಇನ್ನೊಂದು ಕಚೇರಿಯಲ್ಲಿ.

ಅವಳು ಮಾಡಿದರೆ ಎಲ್ಲ ಟೆಸ್ಟೂ ಹಸಿರು, ಅಂದರೆ ಪಾಸು. ಅಲ್ಲಿಯವರು ಮಾಡಿದರೆ ಕೆಂಪು. ರಜೆ ಹಾಕಿದರೂ ದಿನಕ್ಕೆ ನಾಲ್ಕು ಸಲ ಫೋನು. ಬಂದಾಗಲೆಲ್ಲ ಅವಳು ಎದ್ದು ಕೂರುವಳು. ಅವಳು ಎದ್ದಾಗಲೆಲ್ಲ ನಾನು ಕೈಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದೆ.

ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದೆ. ಎಡಮಗ್ಗುಲಿಗೆ ಮಲಗಿದ್ದವಳು ಒಂದು ಹಾಳೆ ಚಾಚಿದಳು, ಟೆಸ್ಟು ಮಾಡುವ ಕ್ರಮ ಬರೆದು ಕಚೇರಿಗೂ ಕಳಿಸಿದ್ದ ಹಾಳೆ.

“ಅತ್ತೆ, ಇದ್ರಾಗ ಬರ್ದಿದ್ದು ಅಷ್ಟೇ ಮಾಡ್ರಿ. ನಾ ಬಾಯಿ ಬಿಡಲ್ಲ.”

“ನನಗೇನು ಬರ್ತೈತವ್ವಾ?”

“ಬರಲ್ಲ ಅಂತನೇ ನಿಮಗೆ ಕೊಟ್ಟಿದ್ದು. ಬರೋರಾದ್ರೆ ತಮ್ಮ ಜಾಣತನ ಸೇರಿಸ್ತಾರೆ.”

ಪಿಯುಸಿಯ ಇಂಗ್ಲಿಷ್ ನನ್ನದು, ಅಕ್ಷರ ಜೋಡಿಸಿ ಓದಬಲ್ಲೆ. ಯಂತ್ರದ ವೈರನ್ನು ಕಂಪ್ಯೂಟರಿಗೆ ಚುಚ್ಚಿದೆ. ಹಾಳೆಯಲ್ಲಿದ್ದ ಸಾಲನ್ನು ಒಂದೊಂದೇ ಅಕ್ಷರ ಒತ್ತಿ ತುಂಬಿದೆ. ಮೂರನೇ ಸಾಲಿನಂತೆ ಒಂದು ಕೆಜಿ ಕಲ್ಲನ್ನು ತಟ್ಟೆಯ ಮೇಲಿಟ್ಟೆ. ಹಸಿರು ಬಂತು. ಶಿವಾ ಎಂದೆ. ಮುಂದಿನ ಟೆಸ್ಟಿಗೆ ಹೋದೆ. ಕೆಂಪು.

“ಈಗೇನ್ ಮಾಡ್ಲಿ?”

“ಹಾಳ್ಯಾಗ ಏನೈತೆ?”

“ಏನೂ ಇಲ್ಲ.”

ಅವಳು ಮೊಣಕೈಯೂರಿ ತಟ್ಟೆಯ ಕಡೆ ನೋಡಿದಳು. “ಕಲ್ಲು ಯಾಕ ತೆಗೀಲಿಲ್ರಿ?”

“ತೆಗಿ ಅಂತ ಎಲ್ಲಿ ಬರ್ದೀಯ?”

ಎರಡನೇ ಟೆಸ್ಟಿಗೆ ತಟ್ಟೆ ಖಾಲಿ ಇರಬೇಕಿತ್ತು. ಇಷ್ಟು ವರ್ಷ ಅವಳ ಕೈ ತಾನಾಗಿಯೇ ಕಲ್ಲನ್ನು ಎತ್ತಿಡುತ್ತಿತ್ತು, ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಕಚೇರಿಯವರು ನನ್ನ ಹಾಗೆಯೇ ಹಾಳೆ ನಂಬಿದ್ದರು.

“ಮುಸುರೆ ಕೈ ತೊಳೀದಂಗಾತಲ್ಲ ಇದು,” ಅಂದೆ. ಅಂದ ಮೇಲೆ ಹಳೆಯದೊಂದು ನೆನಪಾಯಿತು.

ಅವಳು ಗುತ್ತೂರಿನಿಂದ ಮದುವೆಯಾಗಿ ಬಂದ ಮೊದಲ ವಾರ ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲೇ ಉಪ್ಪಿನಕಾಯಿ ಜಾಡಿ ತೆಗೆದಿದ್ದಳು. ಅವರ ಮನೆಯಲ್ಲಿ ಆ ಕಟ್ಟು ಇರಲಿಲ್ಲ. ನಮ್ಮ ಮನೆಯ ಕಟ್ಟನ್ನು ನಾನೂ ಹೇಳಿರಲಿಲ್ಲ. ನೆಂಟರೆದುರೇ ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು ಎಂದುಬಿಟ್ಟೆ. ಹಿತ್ತಲಿನಲ್ಲಿ ಅವಳು ಅತ್ತದ್ದು ಅಡುಗೆಮನೆಯವರೆಗೂ ಕೇಳಿತ್ತು. ಆಮೇಲೆ ನಾನು ಆ ಮಾತೇ ಎತ್ತಿರಲಿಲ್ಲ.

“ಅವತ್ತು ನಿನಗೆ ಮೊದ್ಲೇ ಹೇಳಬೇಕಿತ್ತವ್ವ,” ಅಂದೆ. “ಹೇಳ್ದೇನೇ ಬೈದೆ. ತಪ್ಪಾತು.”

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. “ಪೆನ್ ಕೊಡ್ರಿ. ನಾಲ್ಕನೇ ಸಾಲಿಗೆ ಹಾಕ್ತೀನಿ.”

“ಮುಸುರೆ ವಿಷಯಾನಾ?”

“ಕಲ್ಲಿಂದು ಅತ್ತೆ!” ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಐದು ದಿನ, ದಿನಕ್ಕೆ ಅರ್ಧ ಗಂಟೆ ಹೀಗೇ ನಡೆಯಿತು. ನಾನು ಎಲ್ಲಿ ನಿಂತುಹೋದೆನೋ ಅಲ್ಲೊಂದು ಸಾಲು ಸೇರುತ್ತಿತ್ತು. ತೂಕದ ಯಂತ್ರ ಬೇಕಾದ ಟೆಸ್ಟುಗಳನ್ನು ಒಂದು ಕಡೆ, ಬೇಡದವನ್ನು ಇನ್ನೊಂದು ಕಡೆ ಇಟ್ಟಳು. ಪ್ರತಿಯೊಂದರ ಮೇಲೂ ಮೊದಲು ಏನು ಸಿದ್ಧವಿರಬೇಕು, ಮುಗಿದ ಮೇಲೆ ಏನು ತೆಗೆಯಬೇಕು, ಯಾವ ದಾಖಲೆ ಅಳಿಸಬೇಕು ಎಂದು ಬರೆದಳು. ಆರನೇ ದಿನ ಕಚೇರಿಯ ಹುಡುಗಿಯೊಬ್ಬಳು ಬರೀ ಹಾಳೆ ನೋಡಿಕೊಂಡು ಎಲ್ಲವನ್ನೂ ಓಡಿಸಿ, ಹಸಿರು ಬಂತು ಎಂದು ಸಂದೇಶ ಕಳಿಸಿದಳು.

ಫೋನನ್ನು ಅಡುಗೆಮನೆಗೆ ತಂದಿಟ್ಟುಕೊಂಡೆ. ಅವಳು ಮಧ್ಯಾಹ್ನದ ಊಟದ ತನಕ ನಿದ್ದೆ ಮಾಡಿದಳು. ಶಿವನಲ್ಲಿ ಆ ದಿನ ನಾನು ಬೇರೇನೂ ಕೇಳಲಿಲ್ಲ.

ಹೆರಿಗೆಗೆ ಇನ್ನೂ ಹತ್ತು ವಾರವಿತ್ತು. ಅಷ್ಟರಲ್ಲಿ ಕಚೇರಿಯಿಂದ ಎರಡೇ ಸಲ ಫೋನು ಬಂತು. ಎರಡೂ ಸಲ ನಾನೇ ಎತ್ತಿ, “ನಾಲ್ಕನೇ ಸಾಲು ನೋಡ್ರಿ,” ಅಂದೆ. ಮೂರನೇ ಸಲ ನಾವೇ ಮಾಡಿದೆವು, ಹೆಣ್ಣುಮಗು ಎಂದು ಹೇಳುವುದಕ್ಕೆ.