ಹದಿನಾಲ್ಕನೇ ದೋಣಿ

ನಮ್ಮತ್ತೆ ಈರಕ್ಕನ ಸಿಟ್ಟು ಅಂದ್ರೆ ಅಂತಿಂಥ ಸಿಟ್ಟಲ್ಲ. ಹೆತ್ತ ಮಗನ ಹತ್ರ ನಾಲ್ಕು ವರ್ಷ ಮಾತಾಡಿರಲಿಲ್ಲ ಅಂದ್ರೆ ನೀವೇ ನೋಡ್ರಿ. ಮಗ ರಜೆಗೆ ಬಂದು ಎದುರಿಗೇ ಉಣ್ಣಾಕೆ ಕುಂತಿದ್ರೂ, "ಚೈತ್ರಾ, ನಿನ್ನ ಗಂಡನಿಗೆ ಇನ್ನೊಂದು ಮುದ್ದೆ ಬೇಕಾ ಕೇಳು" ಅನ್ನೋರು. ನಡುವೆ ನಾನೊಬ್ಬಳು ಟಪಾಲಿನವಳು!

ನಮ್ಮನೆಯವ್ರು ಶಿವರಾಜ್‌ಗೆ ಉತ್ತರ ಕನ್ನಡದ ಕಡಲ ದಂಡೇಲಿ ದೀಪಸ್ತಂಭ ನೋಡಿಕೊಳ್ಳೋ ಕೆಲಸ. ಹೊಸದುರ್ಗದ ಕಡೆ ಕುರಿ ಹಟ್ಟೀಲಿ ಹುಟ್ಟಿದೋನು ಸಮುದ್ರಕ್ಕೆ ದೀಪ ಹಚ್ಚಾಕೆ ಹೋದ ಅಂತ ಊರೆಲ್ಲ ನಕ್ಕಿತ್ತು. ಮಾವ ತಿಪ್ಪೇರುದ್ರಪ್ಪ ಮಾತ್ರ ನಗಲಿಲ್ಲ. ಆ ಮಾವ ತೀರಿಕೊಂಡ ದಿನವೇ ಅಲ್ಲಿ ಚಂಡಮಾರುತ ಎದ್ದಿತ್ತು. ರಸ್ತೆ ಕೊಚ್ಚಿಹೋಗಿ ಇವರ ಬದಲಿಗೆ ಬರೋರು ಬರಂಗಿರಲಿಲ್ಲ, ಕರೆಂಟ್ ಹೋಗಿ ದೀಪ ಜನರೇಟರ್ ಮೇಲೆ ನಡೀತಿತ್ತು, ದೋಣಿಗಳು ಇನ್ನೂ ನೀರಲ್ಲೇ ಇದ್ವು. ಇವರು ದೀಪ ಬಿಟ್ಟು ಬರಲಿಲ್ಲ. ಬಂದಿದ್ದು ಮೂರನೇ ದಿನ, ಮಣ್ಣು ಮಾಡಿ ಆದ್ಮೇಲೆ.

"ಮನೆಗೆ ಮಾರಿ, ಊರಿಗೆ ಉಪಕಾರಿ" ಅಂದ ಅತ್ತೆ ಆವತ್ತು ಬಾಯಿ ಮುಚ್ಚಿದ್ದು ಮುಚ್ಚಿದ್ದೇ.

ಈ ವರ್ಷ ಇವರಿಗೆ ಗುಜರಾತಿಗೆ ವರ್ಗ ಆಯ್ತು. ಅಷ್ಟು ದೂರ ಹೋದ್ಮೇಲೆ ಈ ತಾಯಿ ಮಗ ಮಾತಾಡೋದು ಯಾವ ಕಾಲಕ್ಕೆ? ನನಗೂ ರೇಗಿತು. "ಅತ್ತೆ, ನೀವು ಒಂದ್ಸಲ ಬಂದು ಅವರ ದೀಪ ನೋಡಲೇಬೇಕು. ಇಲ್ಲಾಂದ್ರೆ ನಾಳೆಯಿಂದ ಕುರಿ ಹಿಂದೆ ನೀವೇ ಹೋಗ್ರಿ" ಅಂದೆ. ಎರಡು ದಿನ ಗೊಣಗಿ, ಮೂರನೇ ದಿನ ಕಂಬಳಿ ಹೆಗಲಿಗೆ ಹಾಕ್ಕೊಂಡು ಬಸ್ ಹತ್ತಿದ್ರು.

"ಅದೇನು ಸಮುದ್ರ, ನಮ್ಮ ಮಾರಿಕಣಿವೆ ಡ್ಯಾಮಿಗಿಂತ ದೊಡ್ಡದಾ?" ಅಂತ ದಾರಿಯುದ್ದಕ್ಕೂ ಕೇಳಿದ್ರು. ನೀರು ಕಂಡಾಗ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ್ರು. ಆಮೇಲೆ ಮೆಲ್ಲಗೆ ನನ್ನ ಸೆರಗು ಜಗ್ಗಿ, "ಲೇ ಚೈತ್ರಾ, ಆಚೆ ದಡ ಎಲ್ಲೇ?" ಅಂದ್ರು. ಕಾಣಂಗಿಲ್ಲ ಅತ್ತೆ ಅಂದೆ. ಅಬ್ಬಬ್ಬಾ ಅಂತ ಮರಳಲ್ಲೇ ಕುಂತುಬಿಟ್ರು.

ಮಾರನೇ ದಿನ ಕೋಳಿ ಕೂಗೋಕೆ ಮುಂಚೆ ಎದ್ದು ಇವರ ಕ್ವಾರ್ಟರ್ಸ್ ಹೊರಗೆ ನಿಂತಿದ್ರು. ಕೆಳಗಿನ ದಕ್ಕೆಯಿಂದ ದೋಣಿಗಳು ಒಂದರ ಹಿಂದೆ ಒಂದು ಹೊರಟಿದ್ವು. ನಮ್ಮತ್ತೆ ರೊಪ್ಪದಿಂದ ಕುರಿ ಬಿಡೋವಾಗ ಎಣಿಸೋ ಹಂಗೆ ಬೆರಳು ಮಡಚಿ ಎಣಿಸಿದ್ರು. ಹದಿನಾಲ್ಕು.

ನಮ್ಮಲ್ಲಿ ಒಂದು ಪದ್ಧತಿ ಐತೆ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತೋರು ಕೊನೇ ಕುರಿ ಒಳಗೆ ಬರೋತನಕ ಅಲ್ಲಿಂದ ಕದಲಂಗಿಲ್ಲ. ನಮ್ಮನೆಯವ್ರು ಹುಟ್ಟಿದ ಸಂಜೆ ಎರಡು ಕುರಿ ಬಂದಿರಲಿಲ್ಲವಂತೆ. ಮಾವ ಬಾಗಿಲು ಬಿಟ್ಟು ಬಂದು ಮಗನ ಮುಖ ನೋಡಲಿಲ್ಲವಂತೆ. ಮಾವ ಸಾಯೋತನಕ ಅತ್ತೆ ಅದನ್ನೇ ಆಡಿಕೊಂಡು ಬೈದಿದ್ದಾರೆ.

ಆವತ್ತು ಸಂಜೆ ದೀಪಸ್ತಂಭದ ಮೇಲೆ ಹತ್ತಿದ್ವಿ. ಸುತ್ತು ಸುತ್ತು ಮೆಟ್ಟಿಲು, ಹತ್ತಿ ಇಳಿದೋರ ಕಾಲಿಗೆ ಸವೆದು ನಡು ಕುಳಿಬಿದ್ದಿತ್ತು. ನೂರು ವರ್ಷದ ಹಿಂದೆ ಎಣ್ಣೆ ಡಬ್ಬ ಹೊತ್ತು ಇದೇ ಮೆಟ್ಟಿಲು ಹತ್ತುತಿದ್ರಂತೆ. ಮೇಲೆ ದೀಪದ ಸುತ್ತ ಆಳೆತ್ತರದ ಗಾಜು, ಬಟ್ಟೆ ಮುಚ್ಚಿಕೊಂಡು ನಿಂತಿತ್ತು.

"ದೀಪಕ್ಕೂ ಸೆರಗಾ? ಕೇಳು ನಿನ್ನ ಗಂಡನ್ನ."

"ಹಗಲು ಬಿಸಿಲು ಈ ಗಾಜಲ್ಲಿ ಹಾದ್ರೆ ಒಳಗಿರೋದೆಲ್ಲ ಸುಟ್ಟುಹೋಗ್ತದೆ, ಅವ್ವ" ಅಂತ ಇವರು ನೇರ ಅವರಿಗೇ ಹೇಳಿದ್ರು. ಅತ್ತೆ ಗೋಡೆ ನೋಡಿದ್ರು.

ಈಗ ಮೊಬೈಲಲ್ಲೇ ದಾರಿ ಕಾಣ್ತದಲ್ಲ, ಈ ದೀಪ ಯಾಕೆ ಅಂತ ನಾನೇ ಕೇಳಿದೆ. "ಮೊಬೈಲ್ ನೀರಿಗೆ ಬಿದ್ರೆ?" ಅಂದ್ರು ಇವರು.

ಹೊತ್ತು ಮುಳುಗಿತು. ಬಟ್ಟೆ ಸರಿಸಿ ದೀಪ ಹಚ್ಚಿದ್ರು. ಏನು ಹೇಳ್ಲಿ! ಒಳಗೆ ಉರಿಯೋದು ಅಂಗೈಯಷ್ಟು ಬಲ್ಬು. ಆ ಗಾಜು ಅದನ್ನ ಕಡಲ ಮೇಲೆ ಮೈಲಿಗಟ್ಟಲೆ ಬೀಸ್ತಿತ್ತು. ಹೊಸದುರ್ಗದಲ್ಲಿ ಹಚ್ಚಿದ್ರೆ ಹೊಳಲ್ಕೆರೆಗೆ ಕಾಣೋ ಬೆಳಕು. ನನಗೆ ಮೈ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಅತ್ತೆ ಎರಡೂ ಕೈ ಮುಗಿದ್ರು.

ದೋಣಿಗಳು ಬರತೊಡಗಿದ್ವು. ಅತ್ತೆ ಕಟಾಂಜನದ ಕಂಬಿ ಹಿಡಿದು ಬೆರಳು ಮಡಚಿದ್ರು. ಹನ್ನೊಂದು, ಹನ್ನೆರಡು, ಹದಿಮೂರು. ಆಮೇಲೆ ಬರೀ ಕತ್ತಲೆ. ಊಟಕ್ಕೆ ಕರೆದೆ, ಅಲುಗಲಿಲ್ಲ. ಒಮ್ಮೆಲೇ ತಿರುಗಿ ಕೂಗಿದ್ರು:

"ಲೇ ಶಿವಾ! ಒಂದು ಬಂದಿಲ್ಲ ಕಣೋ!"

ನಾಲ್ಕು ವರ್ಷದಲ್ಲಿ ಮೊದಲ ಮಾತು.

"ಏನೋ ಬಾಯಿ ಬಿಡ್ಕೊಂಡು ನಿಂತಿದೀಯಾ? ಹುಡುಕೋ!"

ಇವರು ದಕ್ಕೇಲಿ ದೋಣಿ ಲೆಕ್ಕ ಇಡೋ ಓಬಣ್ಣನಿಗೆ ಫೋನ್ ಮಾಡಿದ್ರು. ದೋಣಿಗೆ ಏನೂ ಆಗಿರಲಿಲ್ಲ. ಮೀನಿಗೆ ಒಳ್ಳೇ ರೇಟು ಸಿಗುತ್ತೆ ಅಂತ ಆಚೆ ಬಂದರಿಗೆ ಹೋಗಿತ್ತಂತೆ. ದೋಣಿ ಕುರಿ ಹಂಗಲ್ಲ, ಬೇರೆಯೋರ ರೊಪ್ಪದಲ್ಲೂ ಮಲಗುತ್ತೆ ಅಂತ ನಮ್ಮತ್ತೆಗೆ ಹೇಗೆ ಗೊತ್ತಾಗಬೇಕು? ನಾನು ನಗಾಕೆ ಹೋದೆ, ಅವರ ಮುಖ ನೋಡಿ ಸುಮ್ಮನಾದೆ. ಮಡಚಿದ ಬೆರಳು ಇನ್ನೂ ಬಿಚ್ಚಿರಲಿಲ್ಲ.

ಅತ್ತೆ ಬೆಳಕಿನ ಕಡೆ ತಿರುಗಿದ್ರು. ಆಮೇಲೆ ಮಗನ ಕಡೆ ತಿರುಗದೇನೇ ಕೇಳಿದ್ರು.

"ನಿಮ್ಮಪ್ಪ ಹೋದ ದಿನ ಎಷ್ಟಿದ್ವೋ ಹೊರಗೆ?"

"ಒಂಬತ್ತು, ಅವ್ವ."

"ಎಲ್ಲಾ ಬಂದ್ವಾ?"

"ಬಂದ್ವು ಅವ್ವ. ಕೊನೇದು ಬಂದಾಗ ಬೆಳಗಾಗಿತ್ತು."

ಅತ್ತೆ ಹೆಗಲ ಮೇಲಿದ್ದ ಕಂಬಳಿ ತೆಗೆದು ಮಗನಿಗೆ ಹೊದಿಸಿದ್ರು. ಅದು ಮಾವನ ಕಂಬಳಿ. "ನಿಮ್ಮಪ್ಪ ಇದ್ದಿದ್ರೂ ಇದನ್ನೇ ಕೇಳ್ತಿದ್ದ" ಅಂದು ಬಿಕ್ಕಿ ಬಿಕ್ಕಿ ಅತ್ರು.

ಆಮೇಲೆ ಕೆಳಗಿಳಿದು ಉಣ್ಣಾಕೆ ಕುಂತ್ವಿ. "ಶಿವಾ, ಇನ್ನೊಂದು ಮುದ್ದೆ ಇಡ್ಲೇನೋ?" ಅಂತ ಅತ್ತೆ ತಾವೇ ಕೇಳಿದ್ರು.